ಸೋರಿಕೆ ಪುಸ್ತಕ

ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ
ಕೆಂಚಿಹಳ್ಳದ ಕಟ್ಟೆಯ ಬುಡದಲ್ಲಿ
ತಗಡಿನ ಗಂಡಿಯಿಂದ ಎಷ್ಟು ಬೆರಳು ನೀರು ಹೋಯಿತೆಂದು ಬರೆಯುವುದು
ನನ್ನ ಕೆಲಸ. ದಿನಗೂಲಿ. ಹದಿನಾಲ್ಕು ವರ್ಷ.
ಹೊಸಬರು ಕೇಳುತ್ತಾರೆ, "ಡ್ಯಾಮು ಸೋರತೈತೇನ್ರಿ?"
ಸೋರುತ್ತದೆ. ಮಣ್ಣಿನದು.
ತಿಳಿಯಾಗಿ ಸೋರಿದರೆ ನಾನು ಚಹಾ ಕುಡಿಯುತ್ತೇನೆ.

ಹೊಟ್ಟೆಯೊಳಗೆ ಎರೆಮಣ್ಣು, ಮೈಮೇಲೆ ಕೆಂಪು ಗರಸು,
ನೀರಿನ ಕಡೆ ಕಲ್ಲಿನ ಹೊದಿಕೆ, ಊರಿನ ಕಡೆ ಗರಿಕೆ.
ಎಡಕ್ಕೆ ಪವರ್‌ಹೌಸು. ಚಕ್ರ ತಿರುಗುವುದು
ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ.
ಅಲ್ಲಿ ಹುಟ್ಟಿದ ಕರೆಂಟು ಗಂಗಾವತಿಗೆ ಹೋಗುತ್ತದೆ, ಕೊಪ್ಪಳಕ್ಕೆ ಹೋಗುತ್ತದೆ,
ನನ್ನ ಕಾವಲು ಕೋಣೆಯಲ್ಲಿ ಬ್ಯಾಟರಿ.

ಇದರ ವೈರಿಗಳು ಸಣ್ಣವರು.
ಹೆಗ್ಗಣ. ಗೆದ್ದಲು. ಬಳ್ಳಾರಿ ಜಾಲಿ,
ಕಡಿದರೂ ಬೇರು ಒಳಗೇ ಕೊಳೆತು ಕೊಳವೆಯಾಗುತ್ತದೆ.
ಆಮೇಲೆ ಯಮನೂರಪ್ಪನ ಟ್ರ್ಯಾಕ್ಟರು:
ರಾತ್ರೋರಾತ್ರಿ ಬುಡದ ಗರಸು ಕೆರೆದು
ಮನೆಯ ಬುನಾದಿಗೆ ಸುರಿದುಕೊಂಡ.
"ಇಷ್ಟ ದೊಡ್ಡ ಗುಡ್ಡಕ್ಕ ಒಂದ ಟ್ರಿಪ್ ಏನಲೇ ಮಾರಾಯಾ!"
ಆ ಮನೆ ಕಟ್ಟೆಯ ಕೆಳಗೇ ಇದೆ.

ನೀರಿನ ಒತ್ತಡ ನೋಡುವ ಕೊಳವೆ ಒಂಬತ್ತು.
ಆರರಲ್ಲಿ ಹುಡುಗರು ಕಲ್ಲು ಹಾಕಿದ್ದಾರೆ,
ಟಕ್ ಅನ್ನುವುದು ಯಾವಾಗ ಎಂದು ಪಂದ್ಯ ಕಟ್ಟಿ.
ಇದನ್ನೂ ಬರೆದು ಕಳಿಸಿದ್ದೆ. ಪುಸ್ತಕ ವಾಪಸು ಬಂತು,
ಮೇಲೆ ನೇರಳೆ ಮುದ್ರೆ: ಪರಿಶೀಲಿಸಲಾಗಿದೆ.

ಮಘೆ ಮಳೆಯ ಮೂರನೇ ದಿನ, ಶುಕ್ರವಾರ.
ನೀರು ಕಟ್ಟೆಯ ಕುತ್ತಿಗೆಗೆ ಬಂದಿತ್ತು.
ಗಾಜಿನ ಲೋಟದಲ್ಲಿ ಸೋರಿಕೆ ಹಿಡಿದು ಕಿಟಕಿಯಲ್ಲಿಟ್ಟೆ.
ಹತ್ತು ನಿಮಿಷಕ್ಕೆ ತಳದಲ್ಲಿ
ಕೂಸಿನ ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು
ಮಣ್ಣು.
ಗರಸಾಗಿದ್ದರೆ ಕೆಂಪಗಿರಬೇಕು.
ಇದು ಕಪ್ಪು. ಹೊಟ್ಟೆಯದು.

ಜೆಇ ಸಾಹೇಬರು ಫೋನಿನಲ್ಲಿ, "ಸೋಮವಾರ ಬರ್ತೀನಿ" ಅಂದರು.

ಗಾಳೆಮ್ಮನನ್ನು ಕರೆತಂದೆ. ಲಂಗದ ವಯಸ್ಸಿನಲ್ಲಿ
ಕತ್ತೆಗಳ ಹಿಂದೆ ಓಡಿ ಈ ಕಟ್ಟೆಗೆ ಮಣ್ಣು ಹೇರಿದವಳು.
ಬರಿಗಾಲಲ್ಲಿ ಬುಡದಗುಂಟ ನಡೆದಳು, ನಿಂತಳು,
ಹೆಬ್ಬೆರಳು ಒತ್ತಿದಳು.
"ಇಲ್ಲೆ. ಹಳ್ಳ ಹರೀತಿದ್ದದ್ದು ಇಲ್ಲೆ.
ಮ್ಯಾಲ ಎಷ್ಟ ಹೇರಿದ್ರೂ ಅದು ಹಾದಿ ಮರಿತೈತೇನಪ್ಪಾ?"
ಹುಲ್ಲು ಸರಿಸಿ ನೋಡಿದರೆ
ಗಂಜಿ ಕುದಿಯುವ ಹಾಗೆ ಬುಳುಬುಳು ಉಸುಕು.

ಯಮನೂರಪ್ಪ ಸಿಮೆಂಟು ಚೀಲ ಹೊತ್ತು ಓಡಿ ಬಂದ.
"ಬ್ಯಾಡ," ಅಂದೆ. "ಈ ಬಾಯಿ ಮುಚ್ಚಿದ್ರ ಇನ್ನೊಂದು ಬಾಯಿ ತಗೀತೈತಿ.
ಮೊದಲು ಉಸುಕು. ಅದರ ಮ್ಯಾಲ ಜಲ್ಲಿ. ಅದರ ಮ್ಯಾಲ ಕಲ್ಲು.
ನೀರು ಹೋಗ್ಲಿ, ಮಣ್ಣ ನಿಂದರ್ಲಿ."
ಗಿಲಾಯಿಗೆಂದು ತಂದಿಟ್ಟ ಉಸುಕು ಅಷ್ಟೂ
ಅವನೇ ತುಂಬಿ ತಂದ. ಹದಿನೇಳು ಟ್ರಿಪ್ಪು.
ಎಣಿಸಿದ್ದು ನಾನು; ಅವನು ತಲೆ ಎತ್ತಲಿಲ್ಲ.
ಪವರ್‌ಹೌಸಿನಲ್ಲಿ ಖಾಜಾಹುಸೇನ
ಆರ್ಡರು ಬರುವ ಮೊದಲೇ ಎರಡೂ ಚಕ್ರ ಬಿಟ್ಟ.
ಬೆಳಗಾಗುವುದರಲ್ಲಿ ಕಲ್ಲಿನ ಮೇಲೆ
ನಾಲ್ಕು ಬೆರಳು ಒದ್ದೆ ಗೆರೆ ಇಳಿದಿತ್ತು.
ಕೆಳಗೆ ಊರಿನಲ್ಲಿ ಯಾರೋ ರಾತ್ರಿಯಿಡೀ ಟಿವಿ ಹಚ್ಚಿಟ್ಟು ಮಲಗಿದ್ದರು.

ಸೋಮವಾರ ಸಾಹೇಬರು ಬಂದರು. ಫೋಟೊ ಹೊಡೆದರು.
"ಯಾರನ್ನ ಕೇಳಿ ಇದನ್ನೆಲ್ಲ ಹಾಕಿದ್ರಿ?"
ಗಾಳೆಮ್ಮ ಎಲೆಯಡಿಕೆ ಉಗುಳಿ ಬಂದು,
"ಹಳ್ಳಾನ ಕೇಳಿದ್ವಿ," ಅಂದಳು.

ಪುಸ್ತಕದಲ್ಲಿ ಬಣ್ಣಕ್ಕೆ ಖಾನೆ ಇಲ್ಲ.
ತಾರೀಖು, ವೇಳೆ, ಬೆರಳು, ಸಹಿ, ಇಷ್ಟೇ.
ಅಂಚಿನಲ್ಲಿ ಬರೆದೆ: ಶುಕ್ರವಾರ ಕಪ್ಪು.
ಶನಿವಾರ ಬೂದಿ. ಭಾನುವಾರ ಸಂಜೆಗೆ ತಿಳಿ.
ಲೋಟ ಇನ್ನೂ ಕಿಟಕಿಯಲ್ಲಿದೆ, ತೊಳೆದಿಲ್ಲ.
ಚಹಾಕ್ಕೆ ಈಗ ಸ್ಟೀಲಿನದು.